ಗಾಳಿಯ ಲೆಕ್ಕ

‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಅವಕಾಶ ಒದಗಿದಾಗ ಕೈಬಿಡಬಾರದೆಂಬುದು ಅದರ ಒಳ ಅರ್ಥ. ಆದರೆ ಅದರ ಹೊರ ಅರ್ಥವೂ ವಿಚಾರಕ್ಕೆ ಯೋಗ್ಯವಾದುದೇ. ಒಕ್ಕಣೆಯ ಯಂತ್ರಗಳು ಬರುವುದಕ್ಕೆ ಮೊದಲು ಹೊನ್ನಾಳಿ, ನ್ಯಾಮತಿಗಳ ಕಡೆಯ ಕಣಗಳಲ್ಲಿ ರಾಶಿ ತೂರುವವನು ಮೊರವನ್ನು ತಲೆಯ ಮಟ್ಟಕ್ಕೆ ಎತ್ತಿ, ಗಾಳಿಯ ದಿಕ್ಕನ್ನು ನೋಡಿಕೊಂಡು, ಧಾನ್ಯವನ್ನು ಸಣ್ಣಗೆ ಸುರಿಯುತ್ತಿದ್ದನು. ಗಟ್ಟಿ ಕಾಳು ಕಾಲ ಬಳಿಯಲ್ಲಿಯೂ ಜೊಳ್ಳು ಒಂದು ಮಾರು ಆಚೆಗೂ ಹೊಟ್ಟು ಅದಕ್ಕಿಂತ ದೂರಕ್ಕೂ ಬೀಳುತ್ತಿದ್ದವು. ಗಾಳಿ ಬಿರುಸಾದರೆ ಅವನು ಮೊರವನ್ನು ತಗ್ಗಿಸುವನು, ಇಳಿದರೆ ಎತ್ತುವನು. ಒಂದು ಸಮೀಕರಣವನ್ನೂ ಅವನು ಬರೆದವನಲ್ಲ. ಆದರೂ ಗಾಳಿಯ ಲೆಕ್ಕ ಅವನ ಕೈಗೆ ತಿಳಿದಿತ್ತು.

ಇದೇ ಗಾಳಿಯ ಲೆಕ್ಕವನ್ನು ವಿಮಾನದ ರೆಕ್ಕೆಗೆ, ರಾಕೆಟ್ಟಿನ ಮೂತಿಗೆ, ಗಾಳಿಯಂತ್ರದ ಅಲಗಿಗೆ ಹಾಕಿ ನೋಡುವ ವಿದ್ಯೆಗೆ ವಾಯುಬಲಶಾಸ್ತ್ರವೆಂದು ಹೆಸರು. ಅಲ್ಲಿನ ಪಂಡಿತರು ಎರಡು ಶತಮಾನಗಳಿಂದ ಸಮೀಕರಣಗಳೊಡನೆ ಸೆಣಸುತ್ತಿದ್ದಾರೆ. ಕಳೆದ ಹತ್ತು ವರ್ಷಗಳಲ್ಲಿ ಒಂದು ವಿಚಿತ್ರ ನಡೆದಿದೆ. ಗಣಕಯಂತ್ರವು ಈ ಲೆಕ್ಕವನ್ನು ರಾಶಿ ತೂರುವವನ ರೀತಿಯಲ್ಲಿ, ಅಂದರೆ ನೋಡಿ ನೋಡಿ ಕಲಿಯಲು ತೊಡಗಿದೆ. ಗಂಟೆಗಟ್ಟಲೆಯ ಲೆಕ್ಕವನ್ನು ಅದು ಕ್ಷಣದಲ್ಲಿ ಮುಗಿಸುವುದೆಂಬ ವಾರ್ತೆ ಎಲ್ಲೆಲ್ಲಿಯೂ ಹಬ್ಬಿದೆ. ಅದನ್ನು ಎಷ್ಟರ ಮಟ್ಟಿಗೆ ನಂಬಬಹುದೆಂಬುದೇ ಈ ವಾರದ ವಿಚಾರ.

ಮೊದಲು, ಲೆಕ್ಕ ಇಷ್ಟು ಕಠಿಣವಾಗಲು ಕಾರಣವೇನೆಂಬುದನ್ನು ನೋಡೋಣ. ಹೊನ್ನಾಳಿಯಲ್ಲಿ ತುಂಗಭದ್ರೆಯ ಸೇತುವೆಯ ಮೇಲೆ ನಿಂತು ಕೆಳಗೆ ದೃಷ್ಟಿ ಹಾಯಿಸಿರಿ. ಕಂಬಕ್ಕೆ ಮುಂಚೆ ನೀರು ಶಾಂತವಾಗಿ ಬರುವುದು. ಕಂಬವನ್ನು ಬಳಸಿ ಆಚೆ ಹೋದೊಡನೆ ಅದೇ ನೀರು ಸುಳಿಸುಳಿಯಾಗಿ ಒಡೆಯುವುದು. ದೊಡ್ಡ ಸುಳಿಯಿಂದ ಸಣ್ಣ ಸುಳಿ, ಅದರಿಂದ ಇನ್ನೂ ಸಣ್ಣದು, ಒಂದರಂತೆ ಇನ್ನೊಂದಿಲ್ಲ. ಗಾಳಿಯ ನಡತೆಯೂ ಹೀಗೆಯೇ. ನೀರು ಕಣ್ಣಿಗೆ ಕಾಣುವುದು, ಗಾಳಿ ಕಾಣದು. ಆದರೆ ಎರಡೂ ಒಂದೇ ನಿಯಮಕ್ಕೆ ಒಳಪಟ್ಟಿವೆ. ಆ ನಿಯಮವನ್ನು 1822ರಲ್ಲಿ ಫ್ರಾನ್ಸಿನ ನೇವಿಯರ್ ಎಂಬ ಇಂಜಿನಿಯರನೂ 1845ರಲ್ಲಿ ಇಂಗ್ಲೆಂಡಿನಲ್ಲಿದ್ದ ಸ್ಟೋಕ್ಸ್ ಎಂಬ ಗಣಿತಜ್ಞನೂ ಸಮೀಕರಣದ ರೂಪದಲ್ಲಿ ಬರೆದರು. ಅದನ್ನು ಬರೆಯಲು ಒಂದು ಸಾಲು ಸಾಕು. ಆದರೆ ಅದಕ್ಕೆ ಎಲ್ಲ ಸಂದರ್ಭಗಳಲ್ಲಿಯೂ ಕ್ರಮಬದ್ಧವಾದ ಉತ್ತರ ಇದ್ದೇ ಇರುವುದೆಂದು ಇಂದಿಗೂ ಯಾರೂ ಸಾಧಿಸಿ ತೋರಿಸಿಲ್ಲ. ಸಾಧಿಸಿದವರಿಗೆ ಹತ್ತು ಲಕ್ಷ ಡಾಲರುಗಳ ಬಹುಮಾನವನ್ನು ಅಮೆರಿಕದ ಕ್ಲೇ ಗಣಿತ ಸಂಸ್ಥೆ 2000ದಲ್ಲಿ ಸಾರಿತು. ಆ ಹಣ ಇನ್ನೂ ಗಂಟಿನಲ್ಲಿಯೇ ಇದೆ.

ಸೂತ್ರದಿಂದ ಉತ್ತರ ಬಾರದಿದ್ದಾಗ ಎಣಿಕೆಯಿಂದ ತರಿಸಬೇಕಾಗುವುದು. ಗದ್ದೆಯನ್ನು ಮಡಿಗಳಾಗಿ ಮಾಡುವಂತೆ, ರೆಕ್ಕೆಯ ಸುತ್ತಣ ಆಕಾಶವನ್ನು ಲಕ್ಷಾಂತರ ಸಣ್ಣ ಮಡಿಗಳಾಗಿ ವಿಭಾಗಿಸುವರು. ಪ್ರತಿಯೊಂದು ಮಡಿಗೂ ಪಕ್ಕದ ಮಡಿಯಿಂದ ಎಷ್ಟು ಗಾಳಿ ಬಂತು, ಎಷ್ಟು ಹೋಯಿತು, ಒತ್ತಡವೆಷ್ಟು ಎಂದು ಲೆಕ್ಕ ಮಾಡುತ್ತಾ, ಎಲ್ಲ ಮಡಿಗಳ ಜಮಾಖರ್ಚು ಸರಿಹೊಂದುವವರೆಗೂ ಮತ್ತೆ ಮತ್ತೆ ತಿದ್ದುವರು. ಈ ಮಾರ್ಗವನ್ನು ವಾಯುಮಂಡಲಕ್ಕೆ ಮೊದಲು ಹಿಡಿದವನು ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್. ಆರು ಗಂಟೆಗಳ ಹವೆಯನ್ನು ಮುಂದಾಗಿ ತಿಳಿಯಲು ಅವನು ಆರು ವಾರ ಕೈಲೆಕ್ಕ ಮಾಡಿದನು. ಬಂದ ಉತ್ತರ ಪೂರ್ತಿ ತಪ್ಪಾಗಿತ್ತು! ಎದೆಗುಂದದೆ ಅವನು 1922ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿ, 64,000 ಮಂದಿ ಲೆಕ್ಕಿಗರನ್ನು ಒಂದು ಮಹಾ ಸಭಾಂಗಣದಲ್ಲಿ ಕೂಡಿಸಿದರೆ ಹವೆ ಓಡಿದಷ್ಟೇ ವೇಗದಲ್ಲಿ ಲೆಕ್ಕವೂ ಓಡೀತೆಂದು ಬರೆದನು. ಆ ಸಭಾಂಗಣ ಕಟ್ಟಲ್ಪಡಲಿಲ್ಲ. ಅದರ ಬದಲು ಗಣಕಯಂತ್ರ ಬಂದಿತು.

ಗಣಕಯಂತ್ರಕ್ಕೂ ಈ ಹೊರೆ ಹಗುರವಲ್ಲ. ಅತಿ ಸಣ್ಣ ಸುಳಿಯನ್ನೂ ಬಿಡದೆ ಹಿಡಿಯಬೇಕಾದರೆ ಮಡಿಗಳು ಅತಿ ಸಣ್ಣವಾಗಬೇಕು. ಹರಿವಿನ ರಭಸವನ್ನು ಸೂಚಿಸುವ ರೆನಾಲ್ಡ್ಸ್ ಸಂಖ್ಯೆ ಹತ್ತರಷ್ಟು ಹೆಚ್ಚಿದರೆ ಲೆಕ್ಕದ ಹೊರೆ ಸುಮಾರು ಸಾವಿರದಷ್ಟು ಹೆಚ್ಚುವುದು. ಆದ್ದರಿಂದ ಇಂಜಿನಿಯರುಗಳು ಸುಳಿಗಳನ್ನು ಒಂದೊಂದಾಗಿ ಎಣಿಸದೆ ಸರಾಸರಿಯಲ್ಲಿ ಹಿಡಿಯುವರು. ಹಾಗೆ ಮಾಡಿದರೂ ಒಂದು ಇಡೀ ವಿಮಾನದ ಆಕಾರಕ್ಕೆ ಅನೇಕ ಸಂಸ್ಕಾರಕಗಳು ಗಂಟೆಗಟ್ಟಲೆ ದುಡಿಯಬೇಕು. ರೆಕ್ಕೆಯ ತುದಿಯನ್ನು ಒಂದು ಗೇಣು ಬಾಗಿಸಿದಿರೋ, ಲೆಕ್ಕ ಮೊದಲಿನಿಂದ ಶುರು!

ಈ ಸೆಣಸಾಟದಲ್ಲಿ ಕನ್ನಡ ನಾಡಿನ ಪಾಲು ಕಡಮೆಯದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರದ ವಿಭಾಗ 1942ರಲ್ಲಿ ಆರಂಭವಾಯಿತು. 1951ರಲ್ಲಿ ಅಲ್ಲಿಗೆ ಬಂದ ಸತೀಶ ಧವನರು ಗಾಳಿಸುರಂಗಗಳನ್ನು ಕಟ್ಟಿಸಿದರು. ಗಾಳಿಸುರಂಗವೆಂದರೆ ವಿಮಾನದ ಮಾದರಿಯನ್ನು ನಿಲ್ಲಿಸಿ ಅದರ ಮೇಲೆ ಗಾಳಿಯನ್ನೇ ಓಡಿಸಿ ಅಳೆಯುವ ಸಾಧನ. 1959ರಲ್ಲಿ ಸ್ಥಾಪಿತವಾಗಿ ಬೆಂಗಳೂರಿಗೆ ಬಂದ ರಾಷ್ಟ್ರೀಯ ವಿಮಾನಶಾಸ್ತ್ರ ಪ್ರಯೋಗಾಲಯದಲ್ಲಿ, ಶಬ್ದಕ್ಕಿಂತ ಕಡಮೆ ವೇಗದಿಂದ ಹಿಡಿದು ಶಬ್ದವನ್ನು ಮೀರಿದ ವೇಗದವರೆಗೂ ಗಾಳಿಯನ್ನು ಓಡಿಸಬಲ್ಲ 1.2 ಮೀಟರ್ ಸುರಂಗ 1967ರಲ್ಲಿ ಸಿದ್ಧವಾಯಿತು. ನಮ್ಮ ರಾಕೆಟ್ಟುಗಳೂ ತೇಜಸ್ ವಿಮಾನವೂ ಮಾದರಿಯ ರೂಪದಲ್ಲಿ ಅದನ್ನು ಹಾಯ್ದು ಬಂದವುಗಳೇ.

ಶಾಂತವಾದ ಹರಿವು ಕದಡುವುದು ಹೇಗೆ, ಕದಡಿದ್ದು ಮತ್ತೆ ಶಾಂತವಾಗುವುದು ಹೇಗೆ ಎಂಬ ಪ್ರಶ್ನೆಗೆ ಬಾಳನ್ನೇ ಮುಡಿಪಿಟ್ಟವರು ರೊದ್ದಂ ನರಸಿಂಹ (1933–2020). ಅವರ ತಂದೆ ಆರ್. ಎಲ್. ನರಸಿಂಹಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸಿ, ಕನ್ನಡದಲ್ಲಿ ವಿಜ್ಞಾನವನ್ನು ಬರೆದ ಹಿರಿಯರು. ರೊದ್ದಂ ನರಸಿಂಹರು ಪ್ರಯೋಗಾಲಯದ ನಿರ್ದೇಶಕರಾಗಿದ್ದಾಗ, ಹೊರದೇಶಗಳು ಬಲಿಷ್ಠ ಗಣಕಯಂತ್ರಗಳನ್ನು ಸುಲಭವಾಗಿ ಕೊಡಲೊಪ್ಪದ ಆ ದಿನಗಳಲ್ಲಿ, ಸಣ್ಣ ಸಂಸ್ಕಾರಕಗಳನ್ನೇ ನೊಗಕ್ಕೆ ನೊಗ ಜೋಡಿಸಿದಂತೆ ಜೋಡಿಸಿ, 1986ರಲ್ಲಿ ‘ಫ್ಲೋಸಾಲ್ವರ್’ ಎಂಬ ಯಂತ್ರವನ್ನು ಕಟ್ಟಲಾಯಿತು. ಹರಿವಿನ ಲೆಕ್ಕ ಬಿಡಿಸುವುದಕ್ಕೆಂದೇ ಹುಟ್ಟಿದ ಅದು ಭಾರತದ ಮೊದಲ ಸಮಾಂತರ ಗಣಕಯಂತ್ರವೆಂದು ಹೆಸರಾಯಿತು. 2022ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ಸ್ಥಾಪಿತವಾದ ‘ಪರಮ್ ಪ್ರವೇಗ’ ಒಂದು ಸೆಕೆಂಡಿಗೆ ಸುಮಾರು 3,300 ಲಕ್ಷ ಕೋಟಿ ಎಣಿಕೆಗಳನ್ನು ಮಾಡಬಲ್ಲುದು. ಯಂತ್ರ ಬೆಳೆದಂತೆಲ್ಲ ಪ್ರಶ್ನೆಯೂ ಬೆಳೆಯಿತು. ಸರತಿಯ ಸಾಲು ಮಾತ್ರ ಕರಗಲಿಲ್ಲ.

ಹೀಗಿರುವಾಗ ‘ಡೀಪ್ ಲರ್ನಿಂಗ್’ ಎಂಬ ಆಳ ಕಲಿಕೆಯ ವಿಧಾನ ರಂಗಕ್ಕೆ ಬಂದಿತು. ಇದರ ಮರ್ಮವನ್ನು ತಿಳಿಯಲು ಚನ್ನಗಿರಿಯ ಅಡಿಕೆ ವ್ಯಾಪಾರವನ್ನು ನೆನೆದರೆ ಸಾಕು. ಅಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನಿಗೆ ಯಾರೂ ಸೂತ್ರ ಬೋಧಿಸುವುದಿಲ್ಲ. ಅವನು ಅನುಭವಿಯ ಪಕ್ಕದಲ್ಲಿ ಕುಳಿತು, ಚೀಲದಿಂದ ಒಂದು ಹಿಡಿ ತೆಗೆದು ‘ಇದು ಬೆಟ್ಟೆ’ ಎನ್ನುವನು. ‘ಅಲ್ಲವೋ, ಗೊರಬಲು’ ಎಂದು ಹಿರಿಯನು ತಿದ್ದುವನು. ಮರುದಿನ ‘ರಾಶಿ’ ಎಂದು ಹೇಳಿ ಸರಿಯೆನಿಸಿಕೊಳ್ಳುವನು. ಹೀಗೆ ಸಾವಿರ ಚೀಲಗಳನ್ನು ಕಂಡ ಮೇಲೆ, ಬಣ್ಣ, ಗಾತ್ರ, ಕೊಯ್ತ, ಕೈಗೆ ತಗಲುವ ಭಾರ ಇವೆಲ್ಲ ಒಂದಾಗಿ, ಬಾಯಿ ತಾನಾಗಿ ಸರಿಯಾದ ಹೆಸರನ್ನು ಹೇಳುವುದು. ಹೇಗೆ ತಿಳಿಯಿತೆಂದು ಕೇಳಿದರೆ ಅವನು ನಕ್ಕು ಸುಮ್ಮನಾಗುವನು.

ಆಳ ಕಲಿಕೆಯ ಯಂತ್ರವೆಂದರೆ ಲಕ್ಷಾಂತರ ತಿರುಪುಗಳುಳ್ಳ ಒಂದು ಲೆಕ್ಕದ ಜಾಲ. ಒಂದೊಂದು ತಿರುಪೂ ಒಂದು ಅಂಕಿ. ಒಂದು ಕಡೆಯಿಂದ ಪ್ರಶ್ನೆ ಹೊಕ್ಕು, ಪದರ ಪದರಗಳನ್ನು ದಾಟಿ, ಇನ್ನೊಂದು ಕಡೆಯಿಂದ ಉತ್ತರ ಹೊರಬರುವುದು. ಪದರಗಳು ಹಲವಾದ್ದರಿಂದಲೇ ‘ಆಳ’ ಎಂಬ ವಿಶೇಷಣ. ಮೊದಮೊದಲು ಬರುವ ಉತ್ತರ ಶುದ್ಧ ಹುಚ್ಚು ಮಾತು. ಅದನ್ನು ಸರಿಯುತ್ತರದೊಡನೆ ಹೋಲಿಸಿ, ತಪ್ಪು ಕಡಮೆಯಾಗುವ ಕಡೆಗೆ ಒಂದೊಂದು ತಿರುಪನ್ನೂ ಎಳ್ಳಷ್ಟು ತಿರುಗಿಸಲಾಗುವುದು. ಇಂಥ ತಿದ್ದುಪಡಿ ಲಕ್ಷಾಂತರ ಸಲ ನಡೆದ ಮೇಲೆ ಯಂತ್ರದ ‘ಕೈ ಕುದುರುವುದು’.

ಈ ವಿದ್ಯೆಯನ್ನು ಗಾಳಿಯ ಲೆಕ್ಕಕ್ಕೆ ಹೂಡಿದ ಬಗೆ ಹೇಗೆ? ಯಂತ್ರಕ್ಕೆ ರೆಕ್ಕೆಯ ಅಡ್ಡಕೊಯ್ತದ ಚಿತ್ರವನ್ನೂ ಗಾಳಿಯ ವೇಗ, ದಿಕ್ಕುಗಳನ್ನೂ ಪ್ರಶ್ನೆಯಾಗಿ ಕೊಡುವರು. ಹಳೆಯ ರೀತಿಯಲ್ಲಿ ಗಂಟೆಗಟ್ಟಲೆ ದುಡಿದು ಪಡೆದ ವೇಗ, ಒತ್ತಡಗಳ ನಕ್ಷೆಯೇ ಸರಿಯುತ್ತರ. ಅಮೆರಿಕದ ಆಟೋಡೆಸ್ಕ್ ಸಂಸ್ಥೆಯ ಸಂಶೋಧಕರು 2016ರಲ್ಲಿ ಹೀಗೆ ಕಲಿಸಿದ ಜಾಲವೊಂದು ಸಾಧಾರಣ ಸಂಸ್ಕಾರಕದ ಲೆಕ್ಕಕ್ಕಿಂತ ಸುಮಾರು ಹತ್ತು ಸಾವಿರ ಪಾಲು ಬೇಗನೆ ಉತ್ತರ ಕೊಡುವುದೆಂದು ತೋರಿಸಿದರು. ತರುವಾಯ ಜರ್ಮನಿಯ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾನಿಲಯದವರ ಜಾಲವು, ತಾನು ಎಂದೂ ಕಂಡಿರದ ರೆಕ್ಕೆಗಳ ಮೇಲೆ ಕೂಡ ಸರಾಸರಿ ನೂರಕ್ಕೆ ಮೂರಕ್ಕಿಂತ ಕಡಮೆ ತಪ್ಪಿನೊಡನೆ ಉತ್ತರಿಸಿತು. 2022ರಲ್ಲಿ ಫ್ರಾನ್ಸಿನವರು ‘ಏರ್‌ಫ್ರಾನ್ಸ್’ ಎಂಬ ಹೆಸರಿನಲ್ಲಿ ಇಂಥ 1,000 ಲೆಕ್ಕಗಳನ್ನು ಬಿಡಿಸಿ, ಕಲಿಸಬಯಸುವವರಿಗೆಲ್ಲ ಪಠ್ಯಪುಸ್ತಕದಂತೆ ತೆರೆದಿಟ್ಟರು.

ಇದರ ಪ್ರಯೋಜನ ಎಲ್ಲಿದೆಯೆಂದರೆ, ಆರಿಸುವ ಕೆಲಸದಲ್ಲಿ. ಹೊಸ ರೆಕ್ಕೆಯೊಂದನ್ನು ಯೋಚಿಸುವ ಇಂಜಿನಿಯರನ ಮುಂದೆ ಹತ್ತು ಸಾವಿರ ಆಕಾರಗಳಿರುವುವು. ಹಳೆಯ ರೀತಿಯಲ್ಲಿ ಅವನು ನೂರನ್ನು ಪರೀಕ್ಷಿಸುವುದೇ ಕಷ್ಟ. ಕಲಿತ ಯಂತ್ರವಾದರೋ ಹತ್ತು ಸಾವಿರವನ್ನೂ ಒಂದು ಊಟದ ಹೊತ್ತಿನಲ್ಲಿ ತೂರಿ, ಜೊಳ್ಳನ್ನು ಹಾರಿಸಿ, ಹತ್ತು ಗಟ್ಟಿ ಕಾಳುಗಳನ್ನು ಮುಂದಿಡುವುದು. ಆ ಹತ್ತನ್ನು ಪೂರ್ಣ ಲೆಕ್ಕದಿಂದಲೂ, ಕೊನೆಗುಳಿದ ಒಂದೆರಡನ್ನು ಗಾಳಿಸುರಂಗದಲ್ಲಿಯೂ ಪರೀಕ್ಷಿಸಿದರಾಯಿತು.

‘ಇದೆಲ್ಲ ಬೆಂಗಳೂರಿನ ಮಾತು, ನಮಗೇನು?’ ಎಂದು ಜಗಳೂರಿನ ಓದುಗರು ಕೇಳಬಹುದು. ಚಿತ್ರದುರ್ಗ, ಜಗಳೂರು ಸೀಮೆಯ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳೇ ಅದಕ್ಕೆ ಉತ್ತರ. ಮಳೆ ಕೊಡಲು ಜಿಪುಣತನ ತೋರುವ ಆಕಾಶ ಅಲ್ಲಿ ಗಾಳಿಯನ್ನಾದರೂ ಧಾರಾಳವಾಗಿ ಕೊಟ್ಟಿದೆ. ಕರ್ನಾಟಕದಲ್ಲಿ ಸ್ಥಾಪಿತವಾದ ಗಾಳಿ ವಿದ್ಯುತ್ತಿನ ಸಾಮರ್ಥ್ಯ 2025ರ ವೇಳೆಗೆ 7,000 ಮೆಗಾವಾಟುಗಳನ್ನು ಮೀರಿತು. ಗಾಳಿಯಂತ್ರದ ಅಲಗೆಂದರೆ ತಿರುಗುವ ವಿಮಾನದ ರೆಕ್ಕೆಯೇ. ಗಾಳಿಯ ವೇಗ ಎರಡರಷ್ಟಾದರೆ ಅದರಲ್ಲಿನ ಶಕ್ತಿ ಎಂಟರಷ್ಟಾಗುವುದು. ವೇಗ ನೂರಕ್ಕೆ ಹತ್ತು ತಗ್ಗಿದರೆ ಶಕ್ತಿ ನೂರಕ್ಕೆ ಇಪ್ಪತ್ತೇಳು ತಗ್ಗುವುದು. ಇನ್ನು, ಒಂದು ಯಂತ್ರ ಗಾಳಿಯಿಂದ ಶಕ್ತಿಯನ್ನು ಹೀರಿಕೊಂಡ ಮೇಲೆ ಅದರ ಹಿಂದೆ ದಣಿದ, ಕದಡಿದ ಗಾಳಿ ಬಹುದೂರ ಸಾಗುವುದು. ಸೇತುವೆಯ ಕಂಬದ ಹಿಂದೆ ಸುಳಿ ಸಾಗುವಂತೆ. ಆ ನೆರಳಿನಲ್ಲಿ ನಿಂತ ಎರಡನೆಯ ಯಂತ್ರಕ್ಕೆ ಎಂಜಲು ಗಾಳಿಯೇ ಗತಿ.

ಆದ್ದರಿಂದ ಯಾವ ಗುಡ್ಡದ ಯಾವ ನೆತ್ತಿಯಲ್ಲಿ ಯಾವ ಕಂಬ ನಿಲ್ಲಬೇಕೆಂಬುದು ದೊಡ್ಡ ಲೆಕ್ಕ. ಗಾಳಿ ದಿಕ್ಕು ಬದಲಿಸಿದಂತೆಲ್ಲ ನೆರಳೂ ಬದಲಾಗುವುದು. ಗುಡ್ಡದ ಏರಿಳಿತ ಅದನ್ನು ಇನ್ನೂ ತೊಡಕಾಗಿಸುವುದು. ಸಾವಿರಾರು ಜೋಡಣೆಗಳನ್ನು ಬೇಗನೆ ತೂಗಿ ನೋಡಲು ಕಲಿತ ಯಂತ್ರಗಳನ್ನು ಬಳಸುವ ಪ್ರಯತ್ನ ಪ್ರಪಂಚದ ನಾನಾ ಕಡೆ ನಡೆದಿದೆ. ಇಲ್ಲಿ ತಪ್ಪಿದರೆ ಆಗುವ ನಷ್ಟ ಕಾಗದದ ಮೇಲಿನದಲ್ಲ. ಒಮ್ಮೆ ನೆಟ್ಟ ಕಂಬವನ್ನು ಕಿತ್ತು ನಡೆಸಲಾಗದು. ಇಪ್ಪತ್ತು ಇಪ್ಪತ್ತೈದು ವರ್ಷ ಅದು ಅಲ್ಲಿಯೇ ನಿಲ್ಲುವುದು. ಅದರಡಿಯ ನೆಲ ಯಾವನೋ ರೈತನ ಪಿತ್ರಾರ್ಜಿತ. ಅದಕ್ಕೆ ಹಾಕಿದ ಹಣ ಯಾರದೋ ಸಾಲ.

ಈಗ ಎಚ್ಚರಿಕೆಯ ಮಾತಿಗೆ ಬರೋಣ. ಚನ್ನಗಿರಿಯಲ್ಲಿ ಕೆಂಪಡಿಕೆಯನ್ನು ನೋಡಿ ಪಳಗಿದ ಆ ಹುಡುಗನ ಮುಂದೆ ಕರಾವಳಿಯ ಚಾಲಿ ಅಡಿಕೆಯ ಚೀಲವನ್ನು ಸುರಿಯಿರಿ. ಅವನು ತಬ್ಬಿಬ್ಬಾಗುವನು; ಆದರೆ ಮನುಷ್ಯನಾದ್ದರಿಂದ ‘ಇದು ನನಗೆ ತಿಳಿಯದು’ ಎಂದು ಒಪ್ಪಿಕೊಳ್ಳುವನು. ಕಲಿತ ಯಂತ್ರಕ್ಕೆ, ನಾವಾಗಿ ಬೇರೆ ಏರ್ಪಾಡು ಮಾಡದ ಹೊರತು, ಈ ವಿನಯವಿಲ್ಲ. ಅದು ಬೆಟ್ಟೆಯೆಂದೋ ಗೊರಬಲೆಂದೋ ಅದೇ ಧೈರ್ಯದಿಂದ ಹೇಳಿಬಿಡುವುದು. ಮೇಲೆ ಹೇಳಿದ ಫ್ರಾನ್ಸಿನ 1,000 ಲೆಕ್ಕಗಳಲ್ಲಿ ರೆಕ್ಕೆಯು ಗಾಳಿಗೆ ಒಡ್ಡಿದ ಓರೆ ಕೆಳಮುಖವಾಗಿ 5 ಡಿಗ್ರಿಯಿಂದ ಮೇಲ್ಮುಖವಾಗಿ 15 ಡಿಗ್ರಿಯವರೆಗೆ ಮಾತ್ರ ಇದೆ. ಓರೆ ಮಿತಿ ಮೀರಿದಾಗ ಗಾಳಿ ರೆಕ್ಕೆಯನ್ನು ಬಿಟ್ಟು ಕಿತ್ತುಹೋಗಿ, ಎತ್ತುವ ಬಲ ಥಟ್ಟನೆ ಕುಸಿಯುವುದು. ವಿಮಾನಕ್ಕೆ ಅಪಾಯ ಒದಗುವುದು ಅಂಥ ಗಳಿಗೆಯಲ್ಲೇ. ಶಾಂತ ಗಾಳಿಯಲ್ಲಿ ಪಾಠ ಕಲಿತವನು ಆ ಗಳಿಗೆಯಲ್ಲಿ ಕೊಡುವ ಉತ್ತರವನ್ನು ನಂಬಿ ಕುಳಿತವನ ಗತಿಯೇನು? ಪಾಠದ ಮೇರೆಯ ಹೊರಗೆ ಯಂತ್ರ ಹೇಗೆ ನಡೆದುಕೊಳ್ಳುವುದೆಂದು ಪರೀಕ್ಷಿಸುವ ಪ್ರಶ್ನೆಗಳನ್ನು ಆ ಫ್ರಾನ್ಸಿನವರೇ ಸೇರಿಸಿಟ್ಟಿರುವುದು ಮೆಚ್ಚತಕ್ಕ ವಿವೇಕ.

ಇನ್ನೊಂದು ದೋಷ ಯಂತ್ರದ್ದಲ್ಲ, ಮನುಷ್ಯರದು. ಅಮೆರಿಕದ ಮೆಕ್‌ಗ್ರೀವಿ ಮತ್ತು ಹಕೀಮ್ ಎಂಬ ವಿದ್ವಾಂಸರು 2024ರಲ್ಲಿ, ಹರಿವಿನ ಸಮೀಕರಣಗಳಲ್ಲಿ ಹಳೆಯ ಮಾರ್ಗವನ್ನು ಕಲಿತ ಯಂತ್ರ ಸೋಲಿಸಿತೆಂದು ಸಾರುವ 76 ಲೇಖನಗಳನ್ನು ಶೋಧಿಸಿದರು. ಅವುಗಳಲ್ಲಿ 60 ಲೇಖನಗಳು ದುರ್ಬಲನಾದ ಎದುರಾಳಿಯೊಡನೆ ಕುಸ್ತಿ ಹೂಡಿ ಗೆದ್ದವುಗಳೆಂದು ತಿಳಿದುಬಂತು! ಹಳೆಯ ಮಾರ್ಗದ ಒಳ್ಳೆಯ ಪೈಲ್ವಾನನನ್ನು ಕಣಕ್ಕೆ ಇಳಿಸಿಯೇ ಇರಲಿಲ್ಲ. ಇದರಿಂದ ಹೊಸ ವಿದ್ಯೆ ಸುಳ್ಳೆಂದು ಆಗುವುದಿಲ್ಲ. ಆದರೆ ‘ಸಾವಿರ ಪಾಲು ವೇಗ’ ಎಂದು ಯಾರಾದರೂ ಕೊಂಬೂದಿದರೆ, ‘ಯಾರಿಗಿಂತ?’ ಎಂದು ಕೇಳುವುದು ನಮ್ಮ ಹಕ್ಕು. ಕಲಿಸುವುದಕ್ಕಾಗಿ ಮೊದಲು ಬಿಡಿಸಿದ ಸಾವಿರ ಲೆಕ್ಕಗಳ ಖರ್ಚನ್ನು ಸೇರಿಸಿದ್ದೀರೋ ಎಂದು ಕೇಳುವುದೂ ನ್ಯಾಯವೇ.

ಹಾಗಾದರೆ ದಾರಿ ಯಾವುದು? ಹಳತನ್ನೂ ಹೊಸತನ್ನೂ ಒಂದೇ ಗಾಡಿಗೆ ಹೂಡುವುದು. ಕಾಲುವೆಯ ಏರಿ ನೀರನ್ನು ಅಡ್ಡಾದಿಡ್ಡಿ ಹೋಗಗೊಡದಂತೆ, ಬಂದ ಗಾಳಿಯೂ ಹೋದ ಗಾಳಿಯೂ ಸರಿಹೊಂದಬೇಕೆಂಬ ಪ್ರಕೃತಿಯ ನಿಯಮವನ್ನು ಏರಿಯಾಗಿ ನಿಲ್ಲಿಸಿ, ಅದರೊಳಗಣ ಸಣ್ಣ ಸುಳಿಗಳ ಅಂದಾಜನ್ನು ಮಾತ್ರ ಕಲಿತ ಯಂತ್ರಕ್ಕೆ ಬಿಡುವುದು. ಗೂಗಲ್ ಸಂಸ್ಥೆಯವರು 2021ರಲ್ಲಿ ಈ ಬೆರಕೆಯ ಮಾರ್ಗದಿಂದ ನಲವತ್ತರಿಂದ ಎಂಬತ್ತು ಪಾಲು ವೇಗ ದೊರೆಯಿತೆಂದು ವರದಿ ಮಾಡಿದರು. ಅದೇ ತತ್ತ್ವದ ಮೇಲೆ ಕಟ್ಟಿದ ‘ನ್ಯೂರಲ್‌ಜಿಸಿಎಂ’ ಎಂಬ ವಾಯುಮಂಡಲದ ಮಾದರಿ 2024ರಲ್ಲಿ ಪ್ರಕಟವಾಯಿತು. ಗಾಳಿ ರೆಕ್ಕೆಯ ಸುತ್ತ ಹರಿದರೇನು, ಭೂಮಂಡಲದ ಸುತ್ತ ಹರಿದರೇನು, ನಿಯಮ ಒಂದೇ ತಾನೆ?

ಈ ಬೀಜ ನಮ್ಮ ರೈತರ ಅಂಗಳದವರೆಗೂ ಬಂದಿದೆ. 2025ರ ಮುಂಗಾರಿನಲ್ಲಿ ಭಾರತ ಸರ್ಕಾರದ ಕೃಷಿ ಸಚಿವಾಲಯವು, ನ್ಯೂರಲ್‌ಜಿಸಿಎಂ ಮೊದಲಾದ ಕಲಿತ ಮಾದರಿಗಳನ್ನು ಆಧರಿಸಿದ ಮಳೆಯ ಮುನ್ಸೂಚನೆಯನ್ನು 13 ರಾಜ್ಯಗಳ ಸುಮಾರು 3.8 ಕೋಟಿ ರೈತರಿಗೆ ಮೊಬೈಲ್ ಸಂದೇಶದ ಮೂಲಕ ಕಳುಹಿಸಿತು. ಆ ವರ್ಷ ಮುಂಗಾರು ಬೇಗನೆ ಕಾಲಿಟ್ಟು ನಡುವೆ ತಡೆದು ನಿಂತಿತು; ಆ ತಡೆಯನ್ನು ಮಾದರಿಗಳು ಮುಂಚೆಯೇ ಹಿಡಿದವು. ಬಿತ್ತಿದ ಬೀಜ ಮೊಳೆಯುವುದೋ ಸುಟ್ಟುಹೋಗುವುದೋ ಎಂದು ಆಕಾಶ ನೋಡುವ ಜಗಳೂರಿನಂಥ ಬೆದ್ದಲು ಸೀಮೆಯವರಿಗೆ ಇಂಥ ಒಂದು ಮಾತಿನ ಬೆಲೆ ಎಷ್ಟೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ತರುಣರಿಗೆ ಹೇಳಬೇಕಾದುದು ಒಂದುಂಟು. ಹಿಂದೆ ಈ ಲೆಕ್ಕ ದೊಡ್ಡ ಪ್ರಯೋಗಾಲಯಗಳ ಸೊತ್ತಾಗಿತ್ತು. ಇಂದು ‘ಓಪನ್‌ಫೋಮ್’ ಎಂಬ ಲೆಕ್ಕದ ತಂತ್ರಾಂಶ 2004ರಿಂದ ಎಲ್ಲರಿಗೂ ಉಚಿತ. ಕಲಿಸಲು ಬೇಕಾದ ಲೆಕ್ಕಗಳ ಭಂಡಾರವೂ ತೆರೆದಿದೆ. ಈ ನಾಲ್ಕು ತಾಲ್ಲೂಕುಗಳಿಂದ ದಾವಣಗೆರೆಗೆ ಹೋಗಿ, 1951ರಿಂದ ನಡೆದುಬಂದಿರುವ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜಿನಲ್ಲಿಯೋ ಮತ್ತೊಂದರಲ್ಲಿಯೋ ಓದುವ ಹುಡುಗ ಹುಡುಗಿಯರು ಸಾಧಾರಣ ಗಣಕಯಂತ್ರದಲ್ಲಿಯೇ ಒಂದು ಸಣ್ಣ ಜಾಲಕ್ಕೆ ರೆಕ್ಕೆಯ ಪಾಠ ಹೇಳಬಹುದು. ಆದರೆ ಸಮೀಕರಣವನ್ನು ಬದಿಗಿಟ್ಟು ಯಂತ್ರವನ್ನೇ ಗುರುವಾಗಿ ಹಿಡಿದರೆ, ಗುರು ತಪ್ಪಿದಾಗ ತಿದ್ದುವವರು ಯಾರು? ಯಂತ್ರ ಎಷ್ಟು ಬೇಗ ಉತ್ತರಿಸಿತೆಂಬುದನ್ನು ಮಾರುವವನೇ ಹೇಳಿಕೊಳ್ಳುವನು. ಅದು ಯಾವ ಗಾಳಿಯಲ್ಲಿ ಪಾಠ ಕಲಿತಿದೆ, ನಮ್ಮ ಗುಡ್ಡದ ಗಾಳಿಯನ್ನು ಎಂದಾದರೂ ಕಂಡಿದೆಯೇ ಎಂಬುದನ್ನು ಮಾತ್ರ ನಾವೇ ಕೇಳಬೇಕು. ಕೇಳಲು ಬಲ್ಲವನೊಬ್ಬನು ಪ್ರತಿ ತಾಲ್ಲೂಕಿನಲ್ಲಿಯೂ ಇದ್ದರೆ, ಈ ಯಂತ್ರ ನಮಗೆ ಒಳ್ಳೆಯ ಆಳಾಗಿ ದುಡಿದೀತು.